ಗುಳ್ಳೆಗೆ ಸೂಜಿ ಹಾಕಬೇಡಿ, ಹಳೆ ಪಂಚೆ ತೆಗೆಯಿರಿ

ಅಂಗೈಯಲ್ಲಿ ನೀರುಗುಳ್ಳೆ ಎದ್ದ ಕೂಡಲೇ ಈಗಿನ ಮಕ್ಕಳು ಮಾಡುವ ಮೊದಲ ಕೆಲಸ ಸೂಜಿ ಹುಡುಕುವುದು. ಎರಡನೆಯದು, ತುರಿಕೆ ತಡೆಯದೆ ಸುಡುವ ನೀರಿಗೆ ಕೈ ಹಾಕುವುದು. ಮೂರನೆಯದು, ಸುಲಿದ ಚರ್ಮದ ಅಂಚು ಹಿಡಿದು ಟಿವಿ ನೋಡುತ್ತಾ ಎಳೆಯುವುದು. ಮೂರೂ ತಪ್ಪು. ಹೇಳಿ ಹೇಳಿ ನನಗೆ ಸಾಕಾಗಿದೆ. ಈ ಉಪದ್ರ ನನಗೂ ಇದೆ, ನನ್ನ ಸೊಸೆಗೂ ಇದೆ. ಅವಳ ಕೈ ನೋಡಿ ನೋಡಿಯೇ ಇದನ್ನು ಬರೆಯಲು ಕೂತದ್ದು.

ಗುಳ್ಳೆ ಏಳುವ ಮೊದಲೇ ಬೆರಳ ಬದಿಯಲ್ಲಿ ಉರಿ, ತುರಿಕೆ ಶುರುವಾಗುತ್ತದೆ. ಮರುದಿನ ನೋಡಿದರೆ ಚರ್ಮದ ಒಳಗೆ ಬೆಂದ ಸಾಬಕ್ಕಿ ಹುಗಿದಿಟ್ಟ ಹಾಗೆ ಸಣ್ಣ ಸಣ್ಣ ಗುಳ್ಳೆ. ಕೆಲವರಿಗೆ ಅಂಗಾಲಿನಲ್ಲೂ ಬರುತ್ತದೆ. ಮುಟ್ಟದೆ ಬಿಟ್ಟರೆ ಎರಡು ಮೂರು ವಾರದಲ್ಲಿ ಅದಾಗಿಯೇ ಬತ್ತುತ್ತದೆ. ಆಮೇಲೆ ಚರ್ಮ ಸುಲಿಯುತ್ತದೆ, ಅಡಿಯ ಹೊಸ ಚರ್ಮ ಕೆಂಪಗಿದ್ದು ಬಿರಿಯುತ್ತದೆ. ಸ್ವಲ್ಪ ಸಮಯ ಸುಮ್ಮನಿದ್ದು ಪುನಃ ಬರುತ್ತದೆ. ಡಾಕ್ಟರರು ಪಾಂಫೋಲಿಕ್ಸ್ ಅನ್ನುತ್ತಾರೆ. ಚರ್ಮ ಕೆರಳಿ ತುರಿಸುವ ಎಕ್ಸಿಮಾದ ಒಂದು ಬಗೆ ಇದು.

"ಬೆವರು ಒಳಗೆ ಕಟ್ಟಿಕೊಂಡಿದೆ, ಚುಚ್ಚಿದರೆ ಹೋಗುತ್ತದೆ" ಅನ್ನುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. 1873ರಲ್ಲಿ ಇದರ ಬಗ್ಗೆ ಬರೆದ ಟಿಲ್ಬರಿ ಫಾಕ್ಸ್ ಎಂಬ ಲಂಡನ್ನಿನ ಡಾಕ್ಟರೂ ಬೆವರೇ ಕಟ್ಟಿದ್ದು ಎಂದು ನಂಬಿದ್ದರು. ಆಮೇಲೆ ಚರ್ಮದ ಚೂರು ತೆಗೆದು ಪರೀಕ್ಷೆ ಮಾಡಿ ನೋಡಿದಾಗ ಬೆವರಿನ ನಾಳ ಕಟ್ಟಿಕೊಂಡದ್ದೇನೂ ಕಾಣಲಿಲ್ಲ. ಸೆಕೆಗೆ, ಬೆವರಿಗೆ ಇದು ಜಾಸ್ತಿಯಾಗುವುದು ಹೌದು. ಆದರೆ ಚುಚ್ಚಿದರೆ ಹೋಗುವಂಥದ್ದು ಒಳಗೆ ಏನೂ ಇಲ್ಲ. ಗುಳ್ಳೆಯ ಮೇಲಿನ ಚರ್ಮವೇ ಅದಕ್ಕೆ ರಕ್ಷಣೆ. ಅದನ್ನು ಹರಿದರೆ ಕೀವು ಆಗಲು ದಾರಿ ಮಾಡಿಕೊಟ್ಟ ಹಾಗೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಇದು ಅಂಟುವ ರೋಗ ಅಲ್ಲ. ಒಂದು ಜೆಂಬ್ರದ ಊಟದಲ್ಲಿ, ಅಂದರೆ ಸಮಾರಂಭದಲ್ಲಿ, ನಮ್ಮ ಹತ್ತಿರದವರ ಹುಡುಗಿಯೊಬ್ಬಳು ಪಾಯಸ ಬಡಿಸಲು ಸೌಟು ಹಿಡಿದಿದ್ದಳು. ಅವಳ ಕೈ ನೋಡಿ ಒಬ್ಬರು, "ನೀನು ಬಡಿಸುವುದು ಬೇಡ, ಆಚೆ ಕೂತುಕೋ" ಅಂದರು. ಮದುವೆಯಾಗಿ ಬಂದು ಸ್ವಲ್ಪ ಸಮಯ ಆಗಿತ್ತಷ್ಟೇ. ಅಷ್ಟು ಜನರ ಎದುರು ಆ ಮಗುವಿನ ಮುಖ ಬಾಡಿಹೋಯಿತು. ನನಗೆ ಈಗಲೂ ಸಿಟ್ಟು ಬರುತ್ತದೆ. ಅಂಟುವುದು ಹುಳುಕಜ್ಜಿ. ಅದು ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ಆಗುತ್ತದೆ, ರಾತ್ರಿ ಹೊತ್ತು ಕೆರೆತ ಜಾಸ್ತಿ, ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಕೆರೆಯಲು ಶುರು ಮಾಡುತ್ತಾರೆ. ಅದರ ಮದ್ದೇ ಬೇರೆ. ಗೊತ್ತಿಲ್ಲದೆ ಒಬ್ಬರನ್ನು ಪಂಕ್ತಿಯಿಂದ ಎಬ್ಬಿಸಬೇಡಿ.

ನಮ್ಮ ಕಾಸರಗೋಡಿನ ಕಡೆ ಕೈಗೆ ಉಪದ್ರ ಕೊಡುವ ಕೆಲಸಗಳು ಒಂದೆರಡಲ್ಲ. ಬೇಸಿಗೆಯಲ್ಲಿ ಗೇರುಬೀಜ ಸುಡುವುದು, ಮಿಡಿ ಮಾವಿನ ತೊಟ್ಟು ಮುರಿಯುವುದು. ಗೇರೂ ಮಾವೂ ಒಂದೇ ಕುಟುಂಬಕ್ಕೆ ಸೇರಿದ ಮರಗಳು, ಎರಡರ ಸೊನೆಯೂ ಚರ್ಮ ಸುಡುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆಯಂತೂ ಒಳ್ಳೆಯ ಕೈಯಲ್ಲೇ ಬೊಕ್ಕೆ ಎಬ್ಬಿಸುತ್ತದೆ, ಇನ್ನು ಬಿರಿದ ಕೈಯನ್ನು ಕೇಳಬೇಕಾ? ಮಳೆಗಾಲ ಬಂತೆಂದರೆ ಅಡಿಕೆಗೆ ಕೊಳೆರೋಗದ ಮದ್ದು. 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಆ ಸುಣ್ಣದ ನೀರಿಗೆ ಬರಿಗೈ ಹಾಕಿ ಕಲಸುವ ಗಂಡಸರು ಈಗಲೂ ಇದ್ದಾರೆ. ಉದ್ದದ ಕೋಲು ಯಾಕೆ ಇರುವುದು? ಮನೆಯೊಳಗೆ ಹೆಂಗಸರಿಗೆ ಪಾತ್ರೆ, ಬಟ್ಟೆ, ಹಟ್ಟಿ, ನೆಲ ಒರೆಸುವುದು. ದಿನವಿಡೀ ಕೈ ಒದ್ದೆ. ಸಾಬೂನಿನ ಜೊತೆಗೆ ಕೈ ಹಾಳು ಮಾಡುವುದು ಈ ಒದ್ದೆಯಾಗಿ ಒಣಗುವುದು, ಒಣಗಿ ಪುನಃ ಒದ್ದೆಯಾಗುವುದು. ಬೆಳ್ಳುಳ್ಳಿ, ಹಸಿಮೆಣಸು, ನಿಂಬೆ, ಟೊಮೆಟೊ ಇವೆಲ್ಲ ಬಿರಿದ ಕೈಗೆ ಆಗದು. ಆ ಸಮಯದಲ್ಲಿ ಮನೆಯ ಬೇರೆಯವರು ಹೆಚ್ಚಿಕೊಡಲಿ.

ಬೆರಳಲ್ಲಿ ಉಂಗುರ ಇದ್ದರೆ ಕೆಲಸಕ್ಕೆ ಮೊದಲು ತೆಗೆದಿಡಿ. ಉಂಗುರದ ಅಡಿಯಲ್ಲಿ ಸಾಬೂನು ಸಿಕ್ಕಿಕೊಂಡು ಅಲ್ಲಿಂದಲೇ ಶುರುವಾಗುವುದು ನಾನು ಎಷ್ಟೋ ಕೈಗಳಲ್ಲಿ ನೋಡಿದ್ದೇನೆ. ಅಗ್ಗದ ಬಳೆ, ಉಂಗುರದಲ್ಲಿ ನಿಕಲ್ ಇರುತ್ತದೆ. ಅದು ಕೆಲವರಿಗೆ ಆಗುವುದೇ ಇಲ್ಲ.

ನನ್ನ ಅತ್ತೆ ಹಲಸಿನಕಾಯಿ ಕೊಯ್ಯುವ ಮೊದಲು ಕತ್ತಿಗೂ ಕೈಗೂ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತಿದ್ದರು. ಮೇಣ ಅಂಟಿದರೂ ಎಣ್ಣೆಯಿಂದಲೇ ತೆಗೆಯುತ್ತಿದ್ದರು. ಈಗಿನವರು ಸೀಮೆಎಣ್ಣೆ, ಪೆಟ್ರೋಲ್ ಹಾಕಿ ಉಜ್ಜುತ್ತಾರೆ. ಮೇಣದ ಜೊತೆ ಕೈಯ ಜಿಡ್ಡೂ ಹೋಗುತ್ತದೆ. ಕೈಗೆ ಬೇಕಾದದ್ದೇ ಆ ಜಿಡ್ಡು.

ಇನ್ನು ನನ್ನ ಮುಖ್ಯ ಸಂಗತಿಗೆ ಬರುತ್ತೇನೆ, ಹಳೆ ಪಂಚೆಯಲ್ಲಿ ಕೈಗೆ ಗ್ಲೌಸ್ ಹೊಲಿಯುವುದು. ಇದೊಂದನ್ನು ಸರಿಯಾಗಿ ಮಾಡಿದರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ.

ಹಳೆಯ ಬಿಳಿ ಪಂಚೆ ತೆಗೆಯಿರಿ. ಒಗೆದು ಒಗೆದು ನೂಲು ಮೆತ್ತಗಾದ, ಬೆಳಕಿಗೆ ಹಿಡಿದರೆ ಆಚೆ ಕಾಣುವಂಥದ್ದು. ಹೊಸ ಬಟ್ಟೆ ಬೇಡ, ಅದರಲ್ಲಿ ಗಂಜಿ ಇರುತ್ತದೆ. ಬಣ್ಣದ್ದು ಬೇಡ. ಪಾಲಿಸ್ಟರ್ ಬೆರೆತದ್ದಂತೂ ಬೇಡವೇ ಬೇಡ, ಕೈ ಬೆವರುತ್ತದೆ. ಪಂಚೆಯ ಜರಿ ಅಂಚನ್ನು ಕತ್ತರಿಸಿ ಬೇರೆ ಇಡಿ. ಉಳಿದ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಅದರ ಮೇಲೆ ಕೈ ಇಟ್ಟು ಬೆರಳು ಸ್ವಲ್ಪ ಬಿಡಿಸಿ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಗೆರೆಯಿಂದ ಒಂದು ಬೆರಳಿನಷ್ಟು ಹೊರಗೆ ಕತ್ತರಿಸಿ. ರಾತ್ರಿಗೆ ಆದರೆ ಹೆಬ್ಬೆರಳು ಒಂದು ಬದಿ, ಉಳಿದ ನಾಲ್ಕು ಒಟ್ಟಿಗೆ ಇದ್ದರೆ ಸಾಕು. ಹಗಲು ಕೆಲಸಕ್ಕೆ ಆದರೆ ಐದೂ ಬೆರಳು ಬೇಕು. ಹತ್ತಿಯ ನೂಲಿನಲ್ಲೇ ಹೊಲಿಯಿರಿ.

ಈಗ ಎಲ್ಲರೂ ಮಾಡುವ ತಪ್ಪು ಕೇಳಿ. ಹೊಲಿದ ಮೇಲೆ ಅಭ್ಯಾಸಬಲದಿಂದ ಒಳಹೊರಗು ಮಾಡುತ್ತಾರೆ, ಚಂದ ಕಾಣಲಿ ಎಂದು. ಮಾಡಬಾರದು. ಹೊಲಿಗೆ ಹೊರಗೇ ಇರಲಿ. ಗುಳ್ಳೆ ಏಳುವುದೇ ಬೆರಳ ಬದಿಯಲ್ಲಿ, ಹೊಲಿಗೆ ಬರುವುದೂ ಅಲ್ಲೇ. ಹೊಲಿಗೆಯ ಗಂಟು ರಾತ್ರಿಯಿಡೀ ಗುಳ್ಳೆಗೆ ಉಜ್ಜಿದರೆ ಬೆಳಿಗ್ಗೆ ಎಲ್ಲ ಒಡೆದಿರುತ್ತದೆ. ಅಂಗಡಿಯಲ್ಲಿ ಸಿಗುವ ಗ್ಲೌಸನ್ನು ನಾನು ಒಪ್ಪದಿರುವುದು ಈ ಒಂದು ಕಾರಣಕ್ಕೆ. ಅದೇ ಇರುವುದಾದರೆ ಮಗುಚಿ ಹಾಕಿಕೊಳ್ಳಿ. ಮಣಿಕಟ್ಟಿಗೆ ಇಲಾಸ್ಟಿಕ್ ಹಾಕಬೇಡಿ. ಪಂಚೆಯದೇ ಒಂದು ಲಾಡಿ ಹೊಲಿದು ಸಡಿಲವಾಗಿ ಕಟ್ಟಿ.

ರಾತ್ರಿ ಎಲ್ಲ ಕೆಲಸ ಮುಗಿಸಿ ಕೈಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಡಿ. ಹೆಚ್ಚು ಬಿಸಿ ಬೇಡ, ಸಾಬೂನು ಬೇಡ. ಬೈರಾಸಿನಿಂದ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಬೆರಳ ಸಂದಿ ಪೂರ್ತಿ ಒಣಗಬೇಕು, ಅಂಗೈಯಲ್ಲಿ ಮಾತ್ರ ಸ್ವಲ್ಪ ಪಸೆ ಉಳಿಯಬೇಕು. ಆ ಪಸೆ ಆರುವ ಮೊದಲೇ ಬಿಳಿ ವ್ಯಾಸಲೀನ್ ಹಚ್ಚಿ. ಒಂದು ಅಂಗೈಗೆ ದೊಡ್ಡ ಹುಣಸೆಬೀಜದಷ್ಟು. ಮಣಿಕಟ್ಟಿನಿಂದ ಬೆರಳ ತುದಿಯ ಕಡೆಗೆ ಮೆಲ್ಲಗೆ ಇಳಿಸುತ್ತಾ ಬನ್ನಿ. ಕೈ ಹೊಳೆಯಬೇಕು. ತೆಂಗಿನೆಣ್ಣೆ ಆಗದೇ ಎಂದು ಕೇಳುತ್ತೀರಿ. ಹಗಲು ಹೊತ್ತು ಆಗುತ್ತದೆ, ನಾನೂ ಹಚ್ಚುತ್ತೇನೆ. ಆದರೆ ಎಣ್ಣೆ ಬೇಗ ಇಳಿದುಹೋಗುತ್ತದೆ, ವ್ಯಾಸಲೀನ್ ಬೆಳಗಿನ ತನಕ ನಿಲ್ಲುತ್ತದೆ. ಪರಿಮಳದ ಕ್ರೀಮ್ ಯಾವುದೂ ಬೇಡ. ಹಚ್ಚಿದ ಮೇಲೆ ಪಂಚೆಯ ಗ್ಲೌಸ್ ಹಾಕಿ ಮಲಗಿ. ಕೆರೆಯಲು ಉಗುರೂ ಸಿಗುವುದಿಲ್ಲ, ಹಾಸಿಗೆಗೆ ಜಿಡ್ಡೂ ಆಗುವುದಿಲ್ಲ.

ಒಂದು ಎಚ್ಚರಿಕೆ. ವ್ಯಾಸಲೀನ್ ಹೀರಿದ ಬಟ್ಟೆಗೆ ಬೆಂಕಿ ತಾಗಿದರೆ ಬಹಳ ಬೇಗ ಉರಿಯುತ್ತದೆ. ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ. ಈ ಗ್ಲೌಸ್ ಹಾಕಿಕೊಂಡು ಒಲೆಯ ಹತ್ತಿರ, ದೇವರ ದೀಪದ ಹತ್ತಿರ ಹೋಗಲೇಬೇಡಿ. ಮಳೆಗಾಲದಲ್ಲಿ ಒಣಗಲಿ ಎಂದು ಬಚ್ಚಲ ಒಲೆಯ ಮೇಲೆ ನೇತುಹಾಕಲೂಬೇಡಿ.

ಹಗಲು ಪಾತ್ರೆ ತೊಳೆಯುವಾಗ ಐದು ಬೆರಳಿನದ್ದನ್ನು ಒಳಗೆ ಹಾಕಿ, ಮೇಲೆ ರಬ್ಬರಿನದ್ದು ಹಾಕಿ. ಬರೀ ರಬ್ಬರ್ ಹಾಕಿದರೆ ಒಳಗೆ ಬೆವರಿ ಇನ್ನೂ ಜಾಸ್ತಿಯಾಗುತ್ತದೆ. ಹದಿನೈದು ಇಪ್ಪತ್ತು ನಿಮಿಷ ಆದ ಮೇಲೆ ತೆಗೆಯಿರಿ. ಒಳಗಿನದ್ದು ಒದ್ದೆಯಾದರೆ ಬದಲಿಸಿ, ಅದಕ್ಕೇ ನಾಲ್ಕಾರು ಜೊತೆ ಹೊಲಿದಿಡಬೇಕು. ರಬ್ಬರಿನಲ್ಲಿ ತೂತಾದರೆ ಎಸೆಯಿರಿ. ತೂತಿನಿಂದ ಸಾಬೂನು ನೀರು ಒಳಗೆ ಹೋದರೆ ಗ್ಲೌಸ್ ಇಲ್ಲದ್ದಕ್ಕಿಂತ ಕಷ್ಟ. ರಬ್ಬರೇ ಆಗದವರಿಗೆ ವಿನೈಲಿನದ್ದು ಸಿಗುತ್ತದೆ.

ಈ ಗ್ಲೌಸ್ ಒಗೆಯುವ ಮಾತು ಬಂದದ್ದಕ್ಕೆ ಹೇಳುತ್ತೇನೆ. ವಾಷಿಂಗ್ ಮೆಷಿನ್‌ಗೆ ಮುಷ್ಟಿ ಮುಷ್ಟಿ ಪುಡಿ ಸುರಿಯುತ್ತೀರಲ್ಲ, ಪುಡಿ ಜಾಸ್ತಿ ಹಾಕಿದ ಮಾತ್ರಕ್ಕೆ ಬಟ್ಟೆ ಜಾಸ್ತಿ ಬಿಳಿಯಾಗುವುದಿಲ್ಲ, ಚೆನ್ನಾಗಿ ಜಾಲಿಸಬೇಕು. ಒಣಗಿದ ಬೈರಾಸನ್ನು ಒಂದು ಬೋಗುಣಿ ನೀರಿಗೆ ಹಾಕಿ ಹಿಂಡಿ ನೋಡಿ. ನೊರೆ ಬಂದರೆ ಆ ಪುಡಿ ದಿನಾ ನಿಮ್ಮ ಮೈಗೆ ತಾಗುತ್ತಿದೆ ಎಂದೇ ಅರ್ಥ. ಪುಡಿ ಅರ್ಧ ಮಾಡಿ, ಇನ್ನೊಂದು ಸಲ ಜಾಲಿಸಿ. ಸೆಕೆಂಡು ಉಳಿಸುವ ಆತುರದಲ್ಲಿ ಎಲ್ಲರ ಚರ್ಮ ಹಾಳು ಮಾಡಬೇಡಿ.

ಮದ್ದಿನ ವಿಷಯ. ಅರಸಿನ, ಸುಣ್ಣ, ಬೆಳ್ಳುಳ್ಳಿ, ನಿಂಬೆರಸ ಇದ್ಯಾವುದನ್ನೂ ಒಡೆದ ಗುಳ್ಳೆಗೆ ಹಚ್ಚಬೇಡಿ. ತುರಿಕೆಗೆ ತಣ್ಣೀರಿನ ಬಟ್ಟೆ ಸಾಕು. ಮೆಡಿಕಲ್ ಶಾಪಿನವರ ಹತ್ತಿರ ಕೈ ತೋರಿಸಿ ಟ್ಯೂಬ್ ತರುವ ಅಭ್ಯಾಸ ಬಿಡಿ. ಅಲ್ಲಿ ಸುಲಭದಲ್ಲಿ ಸಿಗುವುದು ಸ್ಟಿರಾಯ್ಡ್, ಫಂಗಸ್ಸಿನ ಮದ್ದು, ಆಂಟಿಬಯೋಟಿಕ್ ಎಲ್ಲ ಬೆರೆಸಿದ ಟ್ಯೂಬ್. ಎರಡು ದಿನ ಹಾಯೆನಿಸುತ್ತದೆ. ಒಂದೇ ಕೈಯಲ್ಲಿ ಸುಲಿಯುತ್ತಿದ್ದರೆ ಅದು ಫಂಗಸ್ ಇರಬಹುದು, ಸ್ಟಿರಾಯ್ಡ್ ಅದನ್ನು ಒಳಗೊಳಗೇ ಬೆಳೆಸುತ್ತದೆ. ಚರ್ಮದ ಡಾಕ್ಟರರೇ ಕೊಟ್ಟ ಸ್ಟಿರಾಯ್ಡ್ ಆದರೆ ಹೆದರಿ ಬಿಡಬೇಡಿ, ಹೇಳಿದಷ್ಟು ದಿನ ಹಚ್ಚಿ. ತೋರುಬೆರಳ ತುದಿಯಿಂದ ಮೊದಲ ಗೆರೆಯ ತನಕ ಹಿಂಡಿದಷ್ಟು ಒಂದು ಕೈಯ ಎರಡೂ ಬದಿಗೆ ಸಾಕು. ಅದರ ಮೇಲೆ ಗ್ಲೌಸ್ ಹಾಕಬಹುದೇ ಎಂದು ಕೇಳಿಯೇ ಹಾಕಿ. ಮುಚ್ಚಿದರೆ ಮದ್ದು ಜಾಸ್ತಿ ಒಳಗಿಳಿಯುತ್ತದೆ. ರಸ ಸೋರುವಾಗ ಡಾಕ್ಟರರು ಪರ್ಮಾಂಗನೇಟ್ ಹರಳಿನ ನೀರಿನಲ್ಲಿ ಕೈ ಅದ್ದಲು ಹೇಳಿದರೆ ತೆಳು ಗುಲಾಬಿ ಬಣ್ಣ ಬಂದರೆ ಸಾಕು. ಹರಳು ಪೂರ್ತಿ ಕರಗಬೇಕು, ಕರಗದ ಹರಳು ಚರ್ಮ ಸುಡುತ್ತದೆ.

ವರ್ಷವಿಡೀ ಬಿಡದೆ ಬರುತ್ತಿದ್ದರೆ ಮಂಗಳೂರಿಗೆ ಹೋಗಿ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಡುತ್ತಾರೆ. ಅಷ್ಟು ದಿನ ಬೆನ್ನು ಒದ್ದೆ ಮಾಡಬಾರದು, ಹಾಗಾಗಿ ಸೆಕೆ ಜೋರಿರುವಾಗ ಹೋಗಬೇಡಿ. ನಿಮಗೆ ಆಗದ್ದು ನಿಕಲ್ಲೋ, ಸಿಮೆಂಟಿನಲ್ಲಿರುವ ಕ್ರೋಮಿಯಮ್ಮೋ, ರಬ್ಬರೋ ಎಂದು ಗೊತ್ತಾಗುತ್ತದೆ. ಕೈ ಬಾತು ಕೆಂಪಾದರೆ, ಕೀವು ಕಂಡರೆ, ಕೆಂಪು ಗೆರೆ ತೋಳಿಗೆ ಏರಿದರೆ, ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇದ್ದವರು ಅಷ್ಟು ಕಾಯಲೂಬೇಡಿ.

ಕೈಗೆ ಗುಳ್ಳೆ ಬಂದಾಗ ಕಾಲನ್ನೂ ನೋಡಿ. ಇದನ್ನು ಯಾರೂ ಮಾಡುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ 3,000 ಮಿ.ಮೀ. ಗಿಂತ ಜಾಸ್ತಿ ಮಳೆ. ತೋಟದ ಕೆಸರಿನಲ್ಲಿ ನಡೆದು ಕಾಲ್ಬೆರಳ ಸಂದಿ ಬೆಳ್ಳಗಾಗಿ ಕೊಳೆಯುತ್ತದೆ. ಆ ಕಾಲಿನ ಫಂಗಸ್ಸಿಗೆ ಮೈ ಕೆರಳಿ, ಫಂಗಸ್ ಇಲ್ಲದ ಕೈಯಲ್ಲಿ ಗುಳ್ಳೆ ಏಳುವುದುಂಟು. ನನ್ನ ಸೊಸೆಗೆ ಎರಡು ಮಳೆಗಾಲ ಕೈಗೆ ಮದ್ದು ಹಚ್ಚಿದ್ದೇ ಬಂತು. ಕಾಲು ಗುಣವಾದ ಮೇಲೆ ಕೈಯೂ ಗುಣವಾಯಿತು. ತೋಟದಿಂದ ಬಂದವರು ಕಾಲು ತೊಳೆದರೆ ಸಾಲದು, ಪ್ರತಿ ಬೆರಳ ಸಂದಿಯನ್ನೂ ಒರೆಸಿಕೊಳ್ಳಬೇಕು. ಕೈಯ ಬೈರಾಸು ಬೇರೆ, ಕಾಲಿನದ್ದು ಬೇರೆ.

ಕೈ ನಯವಾಯಿತೆಂದು ವ್ಯಾಸಲೀನ್ ಡಬ್ಬಿಯನ್ನು ಅಟ್ಟಕ್ಕೆ ಹಾಕುತ್ತೀರಲ್ಲ, ಅದೇ ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರದ ವಿಷಯ. ಮೇಲ್ನೋಟಕ್ಕೆ ಗುಣವಾದರೂ ಒಳಗೆ ಚರ್ಮಕ್ಕೆ ಹಿಂದಿನ ಶಕ್ತಿ ಬರಲು ಕೆಲವು ತಿಂಗಳು ಬೇಕು. ಅಷ್ಟರಲ್ಲಿ ಬಾಗಿಲು ತೊಳೆಯಲು ಬರಿಗೈಯಲ್ಲಿ ಫಿನಾಯಿಲ್ ಹಿಡಿದರೆ ಪುನಃ ಮೊದಲಿನಿಂದ. ಒಂದು ಡಬ್ಬಿ ಹಾಸಿಗೆಯ ಹತ್ತಿರ ಇಡಿ, ಒಂದು ಕೈ ತೊಳೆಯುವ ಜಾಗದಲ್ಲಿ. ಪ್ರತಿ ಸಲ ಕೈ ಒರೆಸಿದ ಕೂಡಲೇ ಒಂದು ಚೂರು. ಮಳೆ ಹಿಡಿಯುವ ಮೊದಲು, ಬಿಸಿಲು ಇರುವಾಗಲೇ, ಪಂಚೆಯನ್ನು ಒಗೆದು ಒಣಗಿಸಿ ಹೊಲಿದಿಡಿ. ಗ್ಲೌಸ್ ಎಲ್ಲಿಟ್ಟಿದ್ದೀರಿ ಎಂದು ಮನೆಯವರಿಗೆಲ್ಲ ಹೇಳಿಡಿ, ಯಾರಾದರೂ ನೆಲ ಒರೆಸಲು ತೆಗೆದುಬಿಟ್ಟಾರು.