ಎರಡು ಲಕ್ಷದ ಸಲಹೆ, ಒಂದು ಗಂಟೆಯ ಸಲಹೆ

2018ರ ಫೆಬ್ರವರಿಯಲ್ಲಿ ನಾನೂ ನನ್ನ ಗಂಡನೂ ಮಂಗಳೂರಿನ ಒಂದು ವಾಣಿಜ್ಯ ಸಂಕೀರ್ಣದ ಮೂರನೆಯ ಮಹಡಿಯಲ್ಲಿದ್ದ ವಲಸೆ ಸಲಹೆಗಾರರ ಕಚೇರಿಗೆ ಹತ್ತಿದೆವು. ಗೋಡೆಯ ತುಂಬ ಮೇಪಲ್ ಎಲೆ, ಮೇಜಿನ ಮೇಲೊಂದು ಆಟಿಕೆ ವಿಮಾನ. ಕೆನಡಾದ ಕಾಯಂ ನಿವಾಸಕ್ಕೆ ಅರ್ಜಿ ಹಾಕಿಸಿಕೊಡಲು ಅವರು ಕೇಳಿದ್ದು ಎರಡು ಲಕ್ಷದ ಹತ್ತು ಸಾವಿರ, ಮೂರು ಕಂತಿನಲ್ಲಿ. ಸರಕಾರಿ ಶುಲ್ಕ ಬೇರೆ. ಆಗ ಅದು ಒಬ್ಬರಿಗೆ 1,040 ಕೆನಡಾ ಡಾಲರ್. ಇಬ್ಬರಿಗೂ ಸೇರಿ ಸರಕಾರಕ್ಕೆ ಕಟ್ಟುವುದರ ಎರಡು ಪಟ್ಟು ಇವರಿಗೆ.

ಬೈಕಂಪಾಡಿಯಲ್ಲಿ ಗೇರುಬೀಜದ ಕಾರ್ಖಾನೆಯೊಂದರ ಲೆಕ್ಕ ಬರೆಯುತ್ತಿದ್ದವಳು ನಾನು. ದುಡ್ಡು ಹೋಗುವುದಾದರೆ ಯಾವ ಬಾಬತ್ತಿಗೆ ಎಂದು ಕೇಳದೆ ಕೈ ಬಿಚ್ಚಿ ಗೊತ್ತಿಲ್ಲ. ಮನೆಗೆ ಬಂದು ನೋಟ್‌ಪುಸ್ತಕದಲ್ಲಿ ನಡುವೆ ಗೆರೆ ಎಳೆದೆ. ಎಡಕ್ಕೆ ನಾವು ಮಾಡಬೇಕಾದದ್ದು, ಬಲಕ್ಕೆ ಅವರು ಮಾಡುವುದು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವವಳು ನಾನು. ವಿಶ್ವವಿದ್ಯಾಲಯದಿಂದ ಅಂಕಪಟ್ಟಿ ತರುವವಳು ನಾನು. ಧಣಿಗಳಿಂದ ಅನುಭವ ಪತ್ರ, ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪೊಲೀಸ್ ಪ್ರಮಾಣಪತ್ರ, ಬ್ಯಾಂಕಿನ ಪತ್ರ, ಬೆಂಗಳೂರಿನಲ್ಲಿ ವೈದ್ಯಕೀಯ ತಪಾಸಣೆ, ಎಲ್ಲವೂ ಎಡಕ್ಕೇ ಬಂದವು. ಬಲಗಡೆ ಉಳಿದದ್ದು ಫಾರಂ ತುಂಬುವುದು, ಕಾಗದ ಅಪ್‌ಲೋಡ್ ಮಾಡುವುದು. ಜಿಎಸ್‌ಟಿ ಪೋರ್ಟಲಿನೊಂದಿಗೆ ದಿನವೂ ಗುದ್ದಾಡುವವಳಿಗೆ ಇದೇನು ಮಹಾ?

ಗುದ್ದಾಟ ಇದ್ದದ್ದು ಎಡಗಡೆಯಲ್ಲೇ. ನಮ್ಮ ಪದವಿ ಕೆನಡಾದ ಯಾವ ಪದವಿಗೆ ಸಮ ಎಂದು ನೋಡುವ ಮೌಲ್ಯಮಾಪನಕ್ಕೆ ವಿಶ್ವವಿದ್ಯಾಲಯವೇ ಮೊಹರು ಹಾಕಿದ ಲಕೋಟೆಯನ್ನು ಕಳುಹಿಸಬೇಕು, ಲಕೋಟೆಯ ಮೇಲೆ ನಮ್ಮ ಉಲ್ಲೇಖ ಸಂಖ್ಯೆ ಇರಬೇಕು. ಮೊದಲ ಸಲ ಆ ಸಂಖ್ಯೆಯ ಚೀಟಿಯನ್ನೇ ಮನೆಯಲ್ಲಿ ಬಿಟ್ಟು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ವಿಶ್ವವಿದ್ಯಾಲಯವಿರುವ ಕೊಣಾಜೆಯ ಬಸ್ಸು ಹತ್ತಿದ್ದೆ. ತಪ್ಪು ನನ್ನದು, ದಂಡ ಒಂದು ದಿನದ ರಜೆ.

ಅನುಭವ ಪತ್ರ ಇನ್ನೂ ಕಷ್ಟ. ನಮ್ಮ ಧಣಿಗಳು ಯಾರಿಗೂ ಎರಡು ಸಾಲಿಗಿಂತ ಹೆಚ್ಚು ಬರೆದುಕೊಟ್ಟವರಲ್ಲ. ಇಂಥವರು ನಮ್ಮಲ್ಲಿ ದುಡಿದಿದ್ದಾರೆ, ನಡತೆ ಉತ್ತಮ, ಅಷ್ಟೆ. ಕೆನಡಾದವರಿಗೆ ನಡತೆ ಬೇಡ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ದಿನವಿಡೀ ಏನು ಮಾಡುತ್ತಿದ್ದೆ ಎನ್ನುವುದು ಬೇಕು. ನಾನು ಟೈಪ್ ಮಾಡಿಕೊಂಡು ಹೋದ ಒಂದೂವರೆ ಪುಟ ನೋಡಿ ಅವರು ಕನ್ನಡಕ ತೆಗೆದರು. “ಇಷ್ಟೆಲ್ಲ ಕೆಲಸ ನೀನು ಮಾಡುತ್ತಿದ್ದೆಯಾ ಮಾರಾಯ್ತಿ? ಹಾಗಾದರೆ ನಿನ್ನನ್ನು ಬಿಡುವುದು ಹೇಗೆ?” ಎರಡು ವಾರ ಮೇಜಿನ ಮೇಲೆ ಇಟ್ಟುಕೊಂಡು ಆಮೇಲೆ ಸಹಿ ಹಾಕಿದರು. ಇದನ್ನು ಯಾವ ಸಲಹೆಗಾರ ಬಂದು ಮಾಡಿಸಿಕೊಡುತ್ತಿದ್ದ?

ಆದರೆ ನಮ್ಮ ಕಡತದಲ್ಲಿ ಒಂದು ಗಂಟು ಇತ್ತು. 2012ರಲ್ಲಿ ಗಂಡ ಅಮೆರಿಕಕ್ಕೆ ಓದಲು ಹೋಗಬೇಕೆಂದು ಚೆನ್ನೈಯ ದೂತಾವಾಸದಲ್ಲಿ ಸಂದರ್ಶನಕ್ಕೆ ನಿಂತಿದ್ದ. ಎರಡು ನಿಮಿಷದಲ್ಲಿ ಪಾಸ್‌ಪೋರ್ಟ್ ವಾಪಸ್, ವೀಸಾ ಇಲ್ಲ. ಕೆನಡಾದ ಫಾರಂ ನೇರವಾಗಿ ಕೇಳುತ್ತದೆ: ಕೆನಡಾ ಅಥವಾ ಬೇರೆ ಯಾವುದಾದರೂ ದೇಶ ನಿಮಗೆ ವೀಸಾ ನಿರಾಕರಿಸಿದೆಯೇ? ಮೂರನೆಯ ಮಹಡಿಯವರಿಗೆ ಫೋನು ಮಾಡಿ ಕೇಳಿದೆ. “ಅಷ್ಟು ಹಳೆಯದನ್ನು ಯಾರು ನೋಡುತ್ತಾರೆ ಮೇಡಂ, ಇಲ್ಲ ಎಂದು ಹಾಕಿ” ಎಂದರು.

ಹೊಟ್ಟೆಯಲ್ಲಿ ಏನೋ ಕಲಕಿತು. ಅಮೆರಿಕ ಮತ್ತು ಕೆನಡಾ ವೀಸಾ ಮಾಹಿತಿಯನ್ನು ಹಂಚಿಕೊಳ್ಳುತ್ತವೆ. ಸುಳ್ಳು ಹೇಳಿದ್ದು ಸಿಕ್ಕಿಬಿದ್ದರೆ ಅಲ್ಲಿನ ಕಾನೂನಿನಲ್ಲಿ ಐದು ವರ್ಷ ಬಾಗಿಲು ಮುಚ್ಚುತ್ತದೆ. ಫಾರಂ ತುಂಬಿದವನು ಬೇರೆ ಎಂದರೆ ಕೇಳುವವರಿಲ್ಲ, ಸಹಿ ನಮ್ಮದು. ಆಗ ಇನ್ನೊಂದು ಪ್ರಶ್ನೆ ಹಾಕಿದೆ: “ನಮ್ಮ ಪ್ರತಿನಿಧಿ ಎಂದು ಫಾರಂನಲ್ಲಿ ನಿಮ್ಮ ಹೆಸರು, ಪರವಾನಗಿ ಸಂಖ್ಯೆ ಬರೆಯುತ್ತೀರಾ?” ದುಡ್ಡು ಪಡೆದು ಕೆನಡಾ ವಲಸೆಯ ಸಲಹೆ ಕೊಡಲು ಅಲ್ಲಿನ ಪರವಾನಗಿ ಇರುವ ಸಲಹೆಗಾರನೋ ವಕೀಲನೋ ಆಗಿರಬೇಕು. ಹಾಗೆ ಯಾರನ್ನಾದರೂ ನೇಮಿಸಿಕೊಂಡರೆ ಅದನ್ನು ಅರ್ಜಿಯಲ್ಲಿ ತೋರಿಸಲೇಬೇಕು. ಆ ಕಡೆಯಿಂದ ಬಂದ ಉತ್ತರ: “ನಿಮ್ಮ ಹೆಸರಿನಲ್ಲೇ ಖಾತೆ ತೆರೆಯುತ್ತೇವೆ, ಪಾಸ್‌ವರ್ಡ್ ನಮ್ಮ ಹತ್ತಿರ ಇರಲಿ.” ಫೋನು ಇಟ್ಟೆ.

ಹಾಗೆಂದು ಗಂಟನ್ನು ನಾನೇ ಬಿಚ್ಚುವ ಧೈರ್ಯವೂ ಬರಲಿಲ್ಲ. ಪರವಾನಗಿ ಪಡೆದವರ ಪಟ್ಟಿ ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡುವಂತೆ ಇದೆ. ಆಗ ಆ ನಿಯಂತ್ರಣ ಸಂಸ್ಥೆ ಬೇರೆಯಿತ್ತು, 2021ರ ನವೆಂಬರ್‌ನಿಂದ ‘ಕಾಲೇಜ್ ಆಫ್ ಇಮಿಗ್ರೇಶನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್’ ಆ ಕೆಲಸ ಮಾಡುತ್ತಿದೆ. ಪಟ್ಟಿಯಿಂದ ಒಬ್ಬರನ್ನು ಹುಡುಕಿ, 150 ಡಾಲರ್ ಕೊಟ್ಟು ಒಂದು ಗಂಟೆ ವೀಡಿಯೊ ಕರೆಯಲ್ಲಿ ಮಾತಾಡಿದೆವು. ಇಲ್ಲಿ ರಾತ್ರಿ ಒಂಬತ್ತು, ಅಲ್ಲಿ ಬೆಳಗ್ಗೆ. ಹೌದು ಎಂದೇ ಬರೆಯಿರಿ, ತಾರೀಕು, ಸ್ಥಳ, ಕಾರಣ ಸೇರಿಸಿ ಅರ್ಧ ಪುಟದ ವಿವರಣೆ ಲಗತ್ತಿಸಿ, ಕ್ಷಮೆ ಯಾಚಿಸುವ ಧಾಟಿ ಬೇಡ ಎಂದರು. ಗಂಡನ ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದುದಕ್ಕೆ ನೋಟರಿಯಿಂದ ಅಫಿಡವಿಟ್ ಮಾಡಿಸಿಕೊಳ್ಳಿ ಎಂದೂ ಹೇಳಿದರು. ಅದು ನನಗೆ ಹೊಳೆದೇ ಇರಲಿಲ್ಲ. ಕೊನೆಯ ಹತ್ತು ನಿಮಿಷ ಅವರೇ ಊರಿನ ಮಳೆಯ ಬಗ್ಗೆ ಕೇಳಿದರು, ನಾವೂ ಲೆಕ್ಕ ನೋಡದೆ ಹೇಳಿದೆವು.

ಐಇಎಲ್‌ಟಿಎಸ್‌ನ ಬರವಣಿಗೆಯಲ್ಲಿ ಮೊದಲ ಸಲ 6.5 ಬಂತು, ಎರಡನೆಯ ಸಲ 7. ಆ ಅರ್ಧ ಅಂಕಕ್ಕೆ, ಅರ್ಜಿದಾರರಿಗೆ ಅಂಕ ಕೊಟ್ಟು ಆರಿಸುವ ಕೆನಡಾದ ಲೆಕ್ಕದಲ್ಲಿ, ಐವತ್ತಕ್ಕೂ ಹೆಚ್ಚು ಅಂಕ ಏರಿತು. ಅಕ್ಟೋಬರ್‌ನಲ್ಲಿ ಕಟ್‌ಆಫ್ 440ರ ಆಸುಪಾಸಿನಲ್ಲಿದ್ದಾಗ ನಮಗೆ ಅರ್ಜಿ ಹಾಕಲು ಆಹ್ವಾನ ಬಂತು. ಅರವತ್ತು ದಿನದೊಳಗೆ ಕಾಗದ ಹಾಕಬೇಕಿತ್ತು, ನಲವತ್ತರಲ್ಲಿ ಹಾಕಿದೆವು.

ಈಗ ಊರಿಗೆ ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ. ದಾಖಲೆಗಳು ಸರಿಯಿದ್ದರೆ, ಇಂಗ್ಲಿಷ್ ಓದಿ ಅರ್ಥವಾಗುತ್ತದೆಂದಾದರೆ ನೀವೇ ಮಾಡಿ ಎನ್ನುತ್ತೇನೆ. ಹಿಂದೆ ವೀಸಾ ನಿರಾಕರಣೆ, ಪೊಲೀಸ್ ಕೇಸು, ವಿಚ್ಛೇದನದಲ್ಲಿ ಮಗುವಿನ ಹೊಣೆಯ ಜಗಳ, ಇಂಥದ್ದು ಇದ್ದರೆ ಪರವಾನಗಿ ಇರುವವರಿಗೆ ದುಡ್ಡು ಕೊಡಿ, ಬೇಸರ ಬೇಡ. ಕೆನಡಾದಲ್ಲಿ ಕೆಲಸದ ಆಹ್ವಾನ ಕೊಡಿಸಿ ಅಂಕ ಹೆಚ್ಚಿಸುತ್ತೇನೆ ಎನ್ನುವವರು ಇನ್ನೂ ಇದ್ದಾರೆ. ಆ ಅಂಕಗಳನ್ನು 2025ರ ಮಾರ್ಚ್‌ನಲ್ಲೇ ತೆಗೆದುಹಾಕಿದ್ದಾರೆ. ನರ್ಸಿಂಗ್ ಮುಗಿಸಿ ಗಲ್ಫಿಗೆ ಹೊರಟವರ ವಿಷಯ ಬೇರೆ. ಅವರ ಎದುರು ಕೂತಿರುವವರು ಸಲಹೆಗಾರರಲ್ಲ, ನೇಮಕಾತಿ ಏಜೆಂಟರು. ಅಂಥವರಿಗೆ ನಮ್ಮ ವಿದೇಶಾಂಗ ಸಚಿವಾಲಯದ ನೋಂದಣಿ ಇರಬೇಕು, ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ಮೀರಬಾರದು. ನಮ್ಮಲ್ಲಿ ಒಂದೇ ಬೋರ್ಡಿನ ಕೆಳಗೆ ಎರಡೂ ವ್ಯಾಪಾರ ನಡೆಯುವುದರಿಂದ ಗೊಂದಲ.

ಕಳೆದ ಸಲ ಉಡುಪಿಯ ಮನೆಯಲ್ಲಿದ್ದಾಗ ಪಕ್ಕದ ಮನೆಯ ಹುಡುಗ ಅಮ್ಮನೊಂದಿಗೆ ಫೈಲು ಹಿಡಿದು ಬಂದ. ಎಲ್ಲ ಅಚ್ಚುಕಟ್ಟಾಗಿ ಜೋಡಿಸಿದ್ದ. ಹಿಂದೆ ಎಲ್ಲಾದರೂ ವೀಸಾ ಸಿಗದೆ ಹೋಗಿತ್ತಾ ಎಂದು ಕೇಳಿದೆ. ಅವನು ಅಮ್ಮನ ಮುಖ ನೋಡಿದ. ಅವರು ಚಹದ ಲೋಟ ಕೆಳಗಿಟ್ಟು, “ಆಸ್ಟ್ರೇಲಿಯಾದ್ದು ಲೆಕ್ಕಕ್ಕೆ ಬರುತ್ತದಾ ಅಕ್ಕ?” ಎಂದರು.