ಕನ್ನಡದ ಮೂಲಕವೇ ಉಯ್ಗುರ್ ಕಲಿಯುವುದು ಹೇಗೆ

ಇಂಗ್ಲಿಷಿನ ವ್ಯಾಕರಣ ಪುಸ್ತಕ ಹಿಡಿದು ಉಯ್ಗುರ್ ಕಲಿಯಲು ಕೂತರೆ, ವಿಭಕ್ತಿ ಅಂದರೇನು, ಕ್ರಿಯಾಪದ ವಾಕ್ಯದ ಕೊನೆಗೇಕೆ ಬರುತ್ತದೆ ಅನ್ನುವುದರಲ್ಲೇ ಮೊದಲ ತಿಂಗಳು ಕಳೆದುಹೋಗುತ್ತದೆ. ಕನ್ನಡ ಬಲ್ಲವರಿಗೆ ಆ ಪಾಠ ಬೇಕಿಲ್ಲ. ವಾಕ್ಯ ಕಟ್ಟುವ ಕೆಲಸ ಹುಟ್ಟಿನಿಂದಲೇ ಬಂದಿದೆ. ಕಷ್ಟ ಇರುವುದು ಬೇರೆ ಕಡೆ: ಎರಡು ಸ್ವರ, ಗಂಟಲಿನ ಮೂರು ವ್ಯಂಜನ, ಪ್ರತ್ಯಯ ಸೇರಿದಾಗ ಪದದೊಳಗಿನ ಸ್ವರ ಬದಲಾಗುವ ರೀತಿ. ಸಮಯವನ್ನೆಲ್ಲ ಅಲ್ಲಿಗೇ ಇಡಿ.

ಉಯ್ಗುರ್ ತುರ್ಕಿಕ್ ಕುಟುಂಬದ ಕಾರ್ಲುಕ್ ಶಾಖೆಯ ಭಾಷೆ, ಉಜ್ಬೆಕ್‌ಗೆ ಹತ್ತಿರದ ನೆಂಟ. ಚೀನಾದ ಶಿಂಜಿಯಾಂಗ್‌ನಲ್ಲಿ 2020ರ ಜನಗಣತಿಯಂತೆ ಸುಮಾರು 1.16 ಕೋಟಿ ಉಯ್ಗುರರಿದ್ದಾರೆ. ಕಜಕಸ್ತಾನ, ಕಿರ್ಗಿಸ್ತಾನ, ಉಜ್ಬೆಕಿಸ್ತಾನ, ತುರ್ಕಿಯಲ್ಲೂ ಇದ್ದಾರೆ. ಕನ್ನಡಕ್ಕೂ ಇದಕ್ಕೂ ರಕ್ತಸಂಬಂಧವಿಲ್ಲ, ಪದಕ್ಕೆ ಪ್ರತ್ಯಯ ಪೋಣಿಸುವ ಜಾಯಮಾನ ಮಾತ್ರ ಒಂದೇ.

ಮೊದಲ ಎರಡು ವಾರ: ಬಾಯಿ

ಎಂಟು ಸ್ವರಗಳಲ್ಲಿ ಆರು ಸುಲಭ. ಉಳಿದೆರಡು ಕನ್ನಡದಲ್ಲಿಲ್ಲ. ‘ಇ’ ಅನ್ನುತ್ತ ನಾಲಿಗೆಯನ್ನು ಅಲ್ಲೇ ಹಿಡಿದು, ಸಿಳ್ಳೆ ಹಾಕುವಂತೆ ತುಟಿ ದುಂಡಗೆ ಮಾಡಿದರೆ ಒಂದು ಸಿಗುತ್ತದೆ. ‘ಎ’ ಅನ್ನುತ್ತ ಹಾಗೇ ಮಾಡಿದರೆ ಇನ್ನೊಂದು. ಇಲ್ಲಿ ಅವನ್ನು ಉ', ಒ' ಎಂದು ಗೆರೆ ಹಾಕಿ ಬರೆದಿದೆ. ನಾಲಿಗೆ ಜಾರಿದರೆ ‘ಯು’, ‘ಯೊ’ ಆಗಿಬಿಡುತ್ತದೆ. ಕನ್ನಡಿಗರು ಹೆಚ್ಚಾಗಿ ಎಡವುವುದು ಇಲ್ಲೇ. ಜೋಡಿಗಳನ್ನು ಹೇಳಿ ಅಭ್ಯಾಸ ಮಾಡಿ: ಉನ್ ಹಿಟ್ಟು, ಉ'ನ್ ದನಿ. ಉಚ್ ಹಾರು, ಉ'ಚ್ ಮೂರು. ಒತ್ ಬೆಂಕಿ, ಒ'ತ್ ದಾಟು. ದಿನಕ್ಕೆ ಹತ್ತು ನಿಮಿಷ, ಕನ್ನಡಿ ಮುಂದೆ. ತುಟಿ ಅಲುಗಬೇಕು, ನಾಲಿಗೆ ಅಲುಗಬಾರದು.

ಇನ್ನು ಗಂಟಲಿನವು. ಕ಼ ಹುಟ್ಟುವುದು ಕಿರುನಾಲಿಗೆಯ ಬಳಿ, ನಮ್ಮ ಕ-ಗಿಂತ ಹಿಂದೆ. ಗ಼ ಗಂಟಲು ಮುಕ್ಕಳಿಸುವಾಗಿನ ಸದ್ದು, ಖ಼ ಕಫ ಕೆರೆಯುವಾಗಿನದು. ಕ಼ೊಲ್ ಅಂದರೆ ಕೈ, ಕೊ'ಲ್ ಅಂದರೆ ಸರೋವರ. ಉರ್ದು ಗೊತ್ತಿದ್ದವರು ಈ ಮೂರನ್ನು ಬೇಗ ದಾಟುತ್ತಾರೆ. ಟ, ಡ, ಣ, ಳ ಇಲ್ಲವೇ ಇಲ್ಲ, ಮರೆತುಬಿಡಿ.

ಲಿಪಿ: ಐದು ವಾವ್‌ಗಳ ಜಗಳ

ಶಿಂಜಿಯಾಂಗ್‌ನಲ್ಲಿ ಬಳಸುವುದು ಅರಬ್ಬಿ ಮೂಲದ ಲಿಪಿ, 32 ಅಕ್ಷರ, ಬಲದಿಂದ ಎಡಕ್ಕೆ. ಉರ್ದುವಿನಲ್ಲಿ ಹ್ರಸ್ವ ಸ್ವರವನ್ನು ಓದುವವರೇ ಊಹಿಸಿಕೊಳ್ಳಬೇಕು. ಇಲ್ಲಿ ಪ್ರತಿ ಸ್ವರಕ್ಕೂ ಅಕ್ಷರವಿದೆ, ಬರೆಯಲೇಬೇಕು. ಹಾಗಾಗಿ ಕಾಣುವಷ್ಟು ಕಷ್ಟವಿಲ್ಲ.

ತೊಡಕು ವಾವ್ ಎಂಬ ಅರಬ್ಬಿ ಅಕ್ಷರದ್ದು. ಬರಿಯ ವಾವ್ ‘ಒ’. ಮೇಲೆ ಅಲ್ಪವಿರಾಮದಂಥ ಪೇಶ್ ಇದ್ದರೆ ‘ಉ’. ಹಕ್ಕಿ ರೆಕ್ಕೆಯಂಥ ಗುರುತಿದ್ದರೆ ‘ಒ'’. ನೆಟ್ಟಗಿನ ಪುಟ್ಟ ಗೀಟು ಇದ್ದರೆ ‘ಉ'’. ಮೂರು ಚುಕ್ಕೆ ಇದ್ದರೆ ‘ವ’. ಈ ಐದನ್ನೂ ಒಂದೇ ಹಾಳೆಯಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಚಿಕ್ಕ ಅಕ್ಷರದಲ್ಲಿ ಗೀಟೂ ಪೇಶೂ ಒಂದೇ ಥರ ಕಾಣುತ್ತವೆ. ಫೋನಿನಲ್ಲಿ ಓದುವಾಗ ಅಕ್ಷರದ ಗಾತ್ರ ಹೆಚ್ಚಿಸಿಕೊಳ್ಳಿ.

ಉರ್ದು ಬಲ್ಲವರಿಗೆ ಇಲ್ಲೊಂದು ಗುಂಡಿ ಕಾದಿದೆ. ದುಂಡನೆಯ ‘ಹೇ’ಯಂತೆ ಕಾಣುವ ಅಕ್ಷರ ಇಲ್ಲಿ ‘ಎ’ ಸ್ವರ. ಅದು ಮುಂದಿನ ಅಕ್ಷರಕ್ಕೆ ಕೂಡುವುದಿಲ್ಲ. ಹ-ಕಾರಕ್ಕೆ ಇರುವುದು ಎರಡು ಕಣ್ಣಿನ ‘ದೋ ಚಶ್ಮೀ ಹೇ’. ಉರ್ದುವಿನ ರೂಢಿಯಲ್ಲಿ ಅದನ್ನು ಮಹಾಪ್ರಾಣ ಎಂದು ಓದಿದರೆ ಪದವೇ ಕೆಡುತ್ತದೆ. ಪದದ ಮೊದಲಲ್ಲಿ ಸ್ವರ ಬಂದರೆ ಅದಕ್ಕೊಂದು ಹಮ್ಜ಼ಾದ ಹಲ್ಲು (ಹಲ್ಲಿನಂಥ ಗೆರೆಯ ಮೇಲೆ ಪುಟ್ಟ ಅರಬ್ಬಿ ಗುರುತು) ಆಧಾರವಾಗಿ ಬೇಕು, ಕಂಪ್ಯೂಟರಿನ ಅಕ್ಷರಸಂಕೇತವಾದ ಯೂನಿಕೋಡಿನಲ್ಲಿ ಅದರ ಸಂಖ್ಯೆ 0626. ಟೈಪ್ ಮಾಡುವಾಗ ಅರಬ್ಬಿ ಕೀಬೋರ್ಡ್ ಬೇಡ, ಉಯ್ಗುರ್ ಕೀಬೋರ್ಡನ್ನೇ ಹಾಕಿಕೊಳ್ಳಿ. ‘ಎ’ ಬದಲು ಅರಬ್ಬಿ ಹಾ (0647) ಒತ್ತಿದರೆ ಕಣ್ಣಿಗೆ ಸರಿಯೆನಿಸಬಹುದು, ಆದರೆ ನಿಘಂಟಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ಕಜಕಸ್ತಾನದ ಉಯ್ಗುರ್ ಪುಸ್ತಕ, ಪತ್ರಿಕೆಗಳು ಸಿರಿಲಿಕ್‌ನಲ್ಲಿವೆ. ಅಂತರ್ಜಾಲದಲ್ಲಿ ಲ್ಯಾಟಿನ್ ಲಿಪಿಯೂ ಓಡಾಡುತ್ತದೆ. ಮೊದಲು ಅರಬ್ಬಿ ಲಿಪಿ ಗಟ್ಟಿಯಾಗಲಿ, ಉಳಿದವು ತಾನಾಗಿ ಬರುತ್ತವೆ. ಇನ್ನೊಂದು ಎಚ್ಚರ: ‘ಹಳೆ ಉಯ್ಗುರ್’ ಎಂಬ ಹೆಸರಿನಲ್ಲಿ ಸಿಗುವ ಬೌದ್ಧ ಹಸ್ತಪ್ರತಿಗಳ ಭಾಷೆ ಬೇರೆ, ಲಿಪಿಯೂ ಬೇರೆ. ಇಂದಿನ ಉಯ್ಗುರ್ ಅದರ ನೇರ ಮಗಳಲ್ಲ.

ವಿಭಕ್ತಿ

ಮನೆಗೆ ಒ'ಯ್ ಅನ್ನುತ್ತಾರೆ. ಮನೆಯ ಒ'ಯ್‌ನಿಂಗ್, ಮನೆಯನ್ನು ಒ'ಯ್ನಿ, ಮನೆಗೆ ಒ'ಯ್ಗೆ, ಮನೆಯಲ್ಲಿ ಒ'ಯ್ದೆ, ಮನೆಯಿಂದ ಒ'ಯ್ದಿನ್. ‘ಗೆ’ ಎರಡೂ ಕಡೆ ಇರುವುದು ಕಾಕತಾಳೀಯ, ಆದರೆ ನೆನಪಿಡಲು ಪುಕ್ಕಟೆ ಸಿಕ್ಕ ಉಪಕಾರ. ನಮ್ಮಲ್ಲಿ ಮನೆಗೆ, ಮರಕ್ಕೆ ಎಂದು ರೂಪ ಬದಲಾಗುವಂತೆ ಅಲ್ಲೂ ನಾಲ್ಕು ರೂಪಗಳಿವೆ: ಒ'ಯ್ಗೆ, ಮೆಕ್ತೆಪ್ಕೆ (ಶಾಲೆಗೆ), ಬಾಜ಼ಾರ್‌ಗ಼ಾ (ಪೇಟೆಗೆ), ಆತ್‌ಕ಼ಾ (ಕುದುರೆಗೆ). ಪದದ ಸ್ವರ ಬಾಯಿಯ ಮುಂದೆ ಹುಟ್ಟುವುದೋ (ಎ, ಒ', ಉ') ಹಿಂದೆ ಹುಟ್ಟುವುದೋ (ಆ, ಒ, ಉ) ಎಂಬುದರ ಮೇಲೆ ಗೆ/ಕೆ ಬೇಕೋ ಗ಼ಾ/ಕ಼ಾ ಬೇಕೋ ತೀರ್ಮಾನ. ಕೊನೆಯ ವ್ಯಂಜನ ಪ, ತ, ಕ, ಚ, ಶ, ಸ ಥರದ ಕರ್ಕಶವಾದರೆ ಕ-ಕಾರ.

ನಿಜಕ್ಕೂ ಬೆವರಿಳಿಸುವುದು ಮುಂದಿನದು. ಪದದ ಕೊನೆಯ ಆ ಅಥವಾ ಎ, ಮುಂದೆ ಪ್ರತ್ಯಯ ಬಂದಾಗ ಹೆಚ್ಚಾಗಿ ‘ಇ’ ಆಗುತ್ತದೆ. ಬಾಲಾ ಮಗು, ಬಾಲಿಲಾರ್ ಮಕ್ಕಳು. ಆಲ್ಮಾ ಸೇಬು, ಆಲ್ಮಿಲಾರ್ ಸೇಬುಗಳು. ಆಲ್ಮುತಾ ಊರಿಗೆ ಹೋಗುವುದಾದರೆ ಆಲ್ಮುತಿಗ಼ಾ. ಹಾಗೆಯೇ ಒಂದೇ ಉಚ್ಚಾರಾಂಶದ ಪದದ ಮುಂದೆ ‘ಇ’ ಬಂದರೆ ಒಳಗಿನ ಆ, ಎ ಎರಡೂ ‘ಏ’ ಆಗುತ್ತವೆ: ಬಾಶ್ ತಲೆ, ಬೇಶಿಮ್ ನನ್ನ ತಲೆ. ಬೆಲ್ ಸೊಂಟ, ಬೇಲಿಮ್ ನನ್ನ ಸೊಂಟ. ಆದ್ದರಿಂದ ನಿಘಂಟಿನಲ್ಲಿ ಪದ ಸಿಗದಿದ್ದರೆ ಮೊದಲ ‘ಏ’ಯನ್ನು ಒಮ್ಮೆ ಆ ಮಾಡಿ, ಒಮ್ಮೆ ಎ ಮಾಡಿ ಹುಡುಕಿ. ಎರಡೂ ಸಿಗುವುದುಂಟು. ಬಾರ್ ಹೋಗು, ಬೆರ್ ಕೊಡು. ಆದರೆ ‘ಹೋಗಿ’ಯೂ ಬೇರಿಪ್, ‘ಕೊಟ್ಟು’ವೂ ಬೇರಿಪ್. ಹಿಂದಿನ ಪದದಿಂದಲೇ ತಿಳಿಯಬೇಕು.

ಕ್ರಿಯಾಪದ

ಮೊದಲು ಭೂತಕಾಲ ಕಲಿಯಿರಿ, ಅದು ನೆಟ್ಟಗಿದೆ: ಕೆಲ್ದಿಮ್ ಬಂದೆ, ಕೆಲ್ದಿಂಗ್ ಬಂದೆ (ನೀನು), ಕೆಲ್ದಿ ಬಂದ ಅಥವಾ ಬಂದಳು, ಕೆಲ್ದುಕ಼್ ಬಂದೆವು. ಲಿಂಗಭೇದವಿಲ್ಲ, ಅವನು, ಅವಳು, ಅದು ಎಲ್ಲವೂ ‘ಉ’. ‘ಇಪ್’ ಸೇರಿಸಿದರೆ ನಮ್ಮ ಬಂದು, ಕೂತು ಥರದ ರೂಪ: ಉ ಕೇಲಿಪ್, ಒಲ್ತುರುಪ್, ಚಾಯ್ ಇಚ್ತಿ. ಅವನು ಬಂದು, ಕೂತು, ಚಹಾ ಕುಡಿದ. ಪದಕ್ಕೆ ಪದ ಹೊಂದುತ್ತದೆ.

ಇನ್ನೂ ಮಜಾ ಎಂದರೆ ಸಹಾಯಕ ಕ್ರಿಯಾಪದ. ಯೇಜ಼ಿಪ್ ಬೆರ್: ಬರೆದು ಕೊಡು. ಯೇಜ಼ಿಪ್ ಕ಼ೊಯ್: ಬರೆದು ಇಡು. ಯೆಪ್ ಬಾಕ಼್: ತಿಂದು ನೋಡು; ಬಾಕ಼್ ಅಂದರೆ ನೋಡು ಎಂದೇ. ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೆ ಒಂದು ಅಧ್ಯಾಯವೇ ಬೇಕಾಗುತ್ತದೆ. ‘ನಿನ್ನೆ ಬಂದ ಮನುಷ್ಯ’ ಅನ್ನಲು ತು'ನು'ಗು'ನ್ ಕೆಲ್ಗೆನ್ ಆದೆಮ್, ಅದೇ ಕ್ರಮ. ಕಣ್ಣಾರೆ ಕಂಡದ್ದಕ್ಕೂ ಊಹಿಸಿದ್ದಕ್ಕೂ ರೂಪ ಬೇರೆ: ಯಾಮ್ಗ಼ುರ್ ಯಾಗ಼್ದಿ, ಮಳೆ ಬಂತು, ಒದ್ದೆ ನೆಲ ನೋಡಿ ಹೇಳುವುದಾದರೆ ಯಾಮ್ಗ಼ುರ್ ಯೇಗ಼ಿಪ್ತು.

ಇದೆಗೆ ಬಾರ್, ಇಲ್ಲಕ್ಕೆ ಯೊಕ಼್, ಅಲ್ಲಕ್ಕೆ ಎಮೆಸ್. ವಾಕ಼್ತಿಮ್ ಯೊಕ಼್, ನನಗೆ ವೇಳೆ ಇಲ್ಲ. ಉ ಒಕ಼ುಗ಼ುಚಿ ಎಮೆಸ್, ಅವನು ವಿದ್ಯಾರ್ಥಿ ಅಲ್ಲ. ಇಲ್ಲ, ಅಲ್ಲಗಳ ವ್ಯತ್ಯಾಸ ಬಾಯಲ್ಲೇ ಇರುವವರು ಇಲ್ಲಿ ತಪ್ಪುವುದಿಲ್ಲ. ಪ್ರಶ್ನೆಗೆ ಕೊನೆಯಲ್ಲಿ ‘ಮು’: ಬಾರ್‌ಮು? ಇದೆಯಾ?

ಪದಗಳು, ಮರ್ಯಾದೆ

ಕಿತಾಬ್, ಕ಼ೆಲೆಮ್, ಜಾವಾಬ್, ಹಾವಾ, ಬಾಜ಼ಾರ್, ಮೆಯ್ದಾನ್, ಕ಼ಾನುನ್. ಪಾರ್ಸಿ, ಅರಬ್ಬಿಯಿಂದ ನಮಗೂ ಅವರಿಗೂ ಬಂದ ಇಂಥ ಪದಗಳನ್ನು ಮೊದಲೇ ಪಟ್ಟಿ ಮಾಡಿಕೊಳ್ಳಿ. ಕೆಲವು ಮೋಸ ಮಾಡುತ್ತವೆ: ತಾರಿಖ಼್ ಅಂದರೆ ಇತಿಹಾಸ, ಹಾಜ಼ಿರ್ ಅಂದರೆ ಈಗ, ಆದಾಲೆತ್ ಅಂದರೆ ನ್ಯಾಯ, ಕೋರ್ಟಲ್ಲ.

ನಂಟಿನ ಪದಗಳಲ್ಲಂತೂ ಕಿವಿಯನ್ನು ನಂಬಲೇಬೇಡಿ. ಆಕಾ ಅಂದರೆ ಅಣ್ಣ, ಅಕ್ಕನಿಗೆ ಆಚಾ. ಆನಾ ತಾಯಿ. ಹಲವೆಡೆ ತಾಯಿಯನ್ನು ಕರೆಯುವುದು ಆಪಾ ಎಂದು, ತಂದೆಯನ್ನು ದಾದಾ ಎಂದು. ವಯಸ್ಸಿನಲ್ಲಿ ಹಿರಿಯರಾದ ಗಂಡಸನ್ನು ಹೆಸರಿನ ಕೊನೆಗೆ ಆಕಾ ಸೇರಿಸಿ ಕರೆದರೆ ಸಾಕು, ನಮ್ಮ ಅಣ್ಣನ ಹಾಗೆ. ಸೆನ್ ನೀನು, ಸಿಜ಼್ ನೀವು, ಸಿಲಿ ತಾವು. ಹೊಸಬರಿಗೆ ಸಿಜ಼್ ಹೇಳಿ: ಯಾಖ಼್ಶಿಮುಸಿಜ಼್, ಚೆನ್ನಾಗಿದ್ದೀರಾ?

ಕೇಳಿದ್ದು ಬರೆದದ್ದಕ್ಕೆ ಹೊಂದದಿದ್ದಾಗ

ಬರಹ ಬಂದ ಮೇಲೂ ಮಾತು ಹಿಡಿಯದಿರುವುದು ಸಹಜ. ಮಾತಿನಲ್ಲಿ ಉಚ್ಚಾರಾಂಶದ ಕೊನೆಯ ರ-ಕಾರ ಕರಗಿ ಹಿಂದಿನ ಸ್ವರ ಉದ್ದವಾಗುತ್ತದೆ. ಇಕ್ಕಿ (ಎರಡು) ‘ಇಶ್ಕಿ’ಯಂತೆ, ಇತ್ (ನಾಯಿ) ‘ಇಶ್ತ್’ನಂತೆ ಕೇಳುತ್ತದೆ. ಯಿಲ್ (ವರ್ಷ) ಅನ್ನು ‘ಝಿಲ್’ ಎನ್ನುವವರೂ ಇದ್ದಾರೆ. ಎರಡು ನಿಮಿಷದ ಧ್ವನಿ ತುಣುಕು ಆರಿಸಿ, ಮೊದಲು ಕಿವಿಗೆ ಬಿದ್ದಂತೆ ಕನ್ನಡ ಲಿಪಿಯಲ್ಲಿ ಬರೆಯಿರಿ. ಆಮೇಲೆ ಅದರ ಪಠ್ಯ ನೋಡಿ, ಎಲ್ಲಿ ರ ಬಿಟ್ಟುಹೋಗಿದೆ, ಎಲ್ಲಿ ಶ ನುಸುಳಿದೆ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿ. ವಾರಕ್ಕೆ ಮೂರು ತುಣುಕು ಸಾಕು. ಗೂಗಲ್ ಅನುವಾದದಲ್ಲಿ 2020ರಿಂದ ಉಯ್ಗುರ್ ಇದೆ. ಅದನ್ನು ಬಿಡಿ ಪದ ನೋಡಲು ಬಳಸಿ, ಬೇರಿಪ್ ಇರುವ ವಾಕ್ಯವನ್ನು ಅದರ ಕೈಗೆ ಕೊಡಬೇಡಿ.