ದಾವಣಗೆರೆ 24 ಬೈಟ್, ಚಿತ್ರದುರ್ಗ 30: ಕಂಪ್ಯೂಟರ್ ಪದಗಳನ್ನು ನಾನು ಕಲಿಸುವ ರೀತಿ

ದಾವಣಗೆರೆಯಲ್ಲಿ ಹೊಸಬರಿಗೆ ಕಂಪ್ಯೂಟರ್ ಕಲಿಸುವಾಗ ಮೊದಲ ದಿನ ನಾನು ಪದಗಳ ಅರ್ಥ ಬರೆಸುವುದಿಲ್ಲ. ನೋಟ್‌ಪ್ಯಾಡ್ ತೆರೆಸಿ ‘ದಾವಣಗೆರೆ’ ಎಂದು ಯೂನಿಕೋಡ್‌ನಲ್ಲಿ (ಪ್ರತಿ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಟ್ಟಿರುವ ಪದ್ಧತಿ) ಟೈಪ್ ಮಾಡಿಸುತ್ತೇನೆ. ಸ್ಪೇಸ್ ಬಿಡಬಾರದು, ಎಂಟರ್ ಒತ್ತಬಾರದು. ಸೇವ್ ಆ್ಯಸ್‌ಗೆ ಹೋಗಿ, ಕೆಳಗೆ ಎನ್‌ಕೋಡಿಂಗ್ (ಅಕ್ಷರವನ್ನು ಫೈಲಿನಲ್ಲಿ ಬರೆದಿಡುವ ಕ್ರಮ) ಯುಟಿಎಫ್-8 ಇದೆಯೇ ನೋಡಿ, ಡೆಸ್ಕ್‌ಟಾಪ್‌ನಲ್ಲಿ ಉಳಿಸಬೇಕು. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ 24 ಬೈಟ್. ಅದೇ ಹೆಸರು ಇಂಗ್ಲಿಷ್ ಅಕ್ಷರದಲ್ಲಿ 10 ಬೈಟ್. ಯಾಕೆ ಹೀಗೆ ಎಂದು ಅವರೇ ಕೇಳುವವರೆಗೆ ಸುಮ್ಮನಿರುತ್ತೇನೆ.

ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್, ಅಂದರೆ 8 ಬಿಟ್ (0 ಅಥವಾ 1) ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಕಣ್ಣಿಗೆ ಐದು ಅಕ್ಷರವಾದರೂ ‘ದಾ’ದ ದೀರ್ಘ, ‘ಗೆ’, ‘ರೆ’ಗಳ ಎತ್ವ ಬೇರೆ ಸಂಕೇತಗಳು, ಒಟ್ಟು ಎಂಟು. ‘ಚಿತ್ರದುರ್ಗ’ ನಾಲ್ಕೇ ಅಕ್ಷರ, ಆದರೆ 30 ಬೈಟ್. ‘ತ್ರ’ ಒಂದರಲ್ಲೇ ತಕಾರ, ಹಲಂತ, ರಕಾರ ಕೂತಿವೆ.

ಯಾರಿಗಾದರೂ 24ರ ಬದಲು 27 ಬಂದರೆ ಹೆದರಬೇಕಿಲ್ಲ. ಹಳೆಯ ನೋಟ್‌ಪ್ಯಾಡ್ ಯುಟಿಎಫ್-8 ಫೈಲಿನ ತಲೆಗೆ 3 ಬೈಟ್‌ನ ಗುರುತು ಸೇರಿಸುತ್ತದೆ. ಎನ್‌ಕೋಡಿಂಗ್ ಆನ್ಸಿ (ಕನ್ನಡ ಹಿಡಿಸದ ಹಳೆಯ ಕ್ರಮ) ಆಗಿದ್ದು, ಎಚ್ಚರಿಕೆ ಓದದೆ ಓಕೆ ಒತ್ತಿದರೆ ಮಾತ್ರ ಕಷ್ಟ: ಮತ್ತೆ ತೆರೆದಾಗ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಹೋದ ಕನ್ನಡ ಆ ಫೈಲಿನಿಂದ ವಾಪಸ್ ಬರುವುದಿಲ್ಲ.

‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಪತ್ರ ಬೇರೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಕಲಸುಮೇಲೋಗರವಾಗಿ ಕಾಣುವುದು ಇನ್ನೊಂದು ತೊಂದರೆ. ಆ ಫೈಲಿನಲ್ಲಿ ಇಂಗ್ಲಿಷ್ ಸಾಲಿನ ಸಂಕೇತಗಳೇ ಇವೆ. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಫಾಂಟ್ ಹಾಕಿಕೊಂಡರೆ ಓದಬಹುದು, ಆನ್‌ಲೈನ್ ಅರ್ಜಿಗೆ ಅಂಟಿಸಲಾಗದು. ಪರಿವರ್ತಕ ತಂತ್ರಾಂಶದಲ್ಲಿ ಯೂನಿಕೋಡ್‌ಗೆ ತಿರುಗಿಸಿ, ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಬೇಕು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು. ‘ದುರ್ಗ’ ಕೆಡುವುದು ಅಲ್ಲೇ.

ಇಷ್ಟಾದ ಮೇಲೆ ಕೆಬಿ (ಸುಮಾರು ಸಾವಿರ ಬೈಟ್), ಎಂಬಿ (ಸುಮಾರು ಹತ್ತು ಲಕ್ಷ ಬೈಟ್) ಹೇಳಿಕೊಡುವುದು ಸುಲಭ. ಅರ್ಜಿಯಲ್ಲಿ ‘ಫೋಟೋ 50 ಕೆಬಿ ಮೀರಬಾರದು’ ಎಂದಿರುತ್ತದೆ, ಮೊಬೈಲ್ ಫೋಟೋ 3 ಎಂಬಿ ಇರುತ್ತದೆ. ಪೇಂಟ್‌ನಲ್ಲಿ ತೆರೆದು ಮೊದಲು ಕ್ರಾಪ್ ಮಾಡಿ. ರೀಸೈಜ್‌ನಲ್ಲಿ ಪರ್ಸೆಂಟೇಜ್ ಬಿಟ್ಟು ಪಿಕ್ಸೆಲ್ಸ್ ಆರಿಸಿ, ಅಗಲಕ್ಕೆ 400 ಕೊಟ್ಟು, ಜೆಪೆಗ್ ಆಗಿ ಹೊಸ ಹೆಸರಿನಲ್ಲಿ ಉಳಿಸಿ. ಸಾಮಾನ್ಯವಾಗಿ 50 ಕೆಬಿಯೊಳಗೆ ಬರುತ್ತದೆ. ಬರದಿದ್ದರೆ 300 ಕೊಡಿ. ಪಿಎನ್‌ಜಿ ಫೈಲಿನ ಹೆಸರಿನ ಬಾಲವನ್ನಷ್ಟೇ ಜೆಪಿಜಿ ಎಂದು ತಿದ್ದಿದರೆ ಒಳಗಿನ ಫೈಲ್ ಬದಲಾಗುವುದಿಲ್ಲ, ಅರ್ಜಿ ತಿರಸ್ಕಾರವಾಗಬಹುದು.

ರ‍್ಯಾಮ್ ಮತ್ತು ಸ್ಟೋರೇಜ್‌ಗೆ ಮೆಕ್ಕೆಜೋಳದ ವ್ಯಾಪಾರವೇ ಸಾಕು. ಸ್ಟೋರೇಜ್ ಗೋದಾಮು, ರ‍್ಯಾಮ್ ರಾಶಿ ಸುರಿಯುವ ಕಟ್ಟೆ. ಕಟ್ಟೆ ಚಿಕ್ಕದಾದರೆ ಗೋದಾಮು ಖಾಲಿಯಿದ್ದೂ ಕೆಲಸ ಕುಂಟುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ 90 ಶೇಕಡಾ ದಾಟಿದ್ದರೆ ಬ್ರೌಸರಿನ ಟ್ಯಾಬ್ ಮುಚ್ಚಿ. ಫೋಟೋ ಅಳಿಸಿ ಉಪಯೋಗವಿಲ್ಲ. ಸೇವ್ ಮಾಡದ ಬರಹ ಕರೆಂಟ್ ಹೋದಾಗ ಕೈತಪ್ಪುವುದೂ ಅದು ಇನ್ನೂ ಕಟ್ಟೆಯ ಮೇಲೇ ಇದ್ದದ್ದರಿಂದ.

ಇಂಟರ್‌ನೆಟ್ ಪ್ಲಾನಿನ ‘40 ಎಂಬಿಪಿಎಸ್’ ಅಂದರೆ ಸೆಕೆಂಡಿಗೆ 40 ಮೆಗಾಬಿಟ್. ಅದು ಬಿಟ್ ಲೆಕ್ಕ, ಬೈಟ್ ಅಲ್ಲ. 8ರಿಂದ ಭಾಗಿಸಿದರೆ ಸೆಕೆಂಡಿಗೆ 5 ಎಂಬಿ. 700 ಎಂಬಿ ಫೈಲಿಗೆ ಕನಿಷ್ಠ 140 ಸೆಕೆಂಡ್ ಬೇಕು.

ವೈಫೈ ಬೇರೆ, ಇಂಟರ್‌ನೆಟ್ ಬೇರೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ‘ಐಪಿಕಾನ್ಫಿಗ್’ (ipconfig) ಕೊಟ್ಟು, ಡೀಫಾಲ್ಟ್ ಗೇಟ್‌ವೇ ಎದುರಿನ ಸಂಖ್ಯೆಯನ್ನು, ಅಂದರೆ ರೂಟರಿನ ವಿಳಾಸವನ್ನು, ಬ್ರೌಸರಿನ ಅಡ್ರೆಸ್ ಬಾರ್‌ನಲ್ಲಿ ಹಾಕಿ. ಗೂಗಲ್ ಹುಡುಕಾಟದ ಡಬ್ಬಿಯಲ್ಲಲ್ಲ. ರೂಟರಿನ ಪುಟ ತೆರೆದು, ಬೇರೆ ಯಾವ ಜಾಲತಾಣವೂ ತೆರೆಯದಿದ್ದರೆ ವೈಫೈ ಸರಿಯಿದೆ, ತೊಂದರೆ ಅದರಾಚೆಗಿದೆ. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಓಎಸ್ ದೀಪ ಕೆಂಪಾಗಿದ್ದರೆ ತಂತಿಯಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ರೂಟರ್ ಹತ್ತು ಸಲ ಆಫ್ ಮಾಡಿ ಆನ್ ಮಾಡುವ ಬದಲು ಲೈನ್‌ಮನ್‌ಗೆ ಫೋನ್ ಮಾಡಿ.